ಕಾಲು ಗಂಟೆಯ ದಾರಿ

(ಹುಬ್ಬಳ್ಳಿಯಲ್ಲಿ ಕಾಲೇಜು ಅಧ್ಯಾಪಕರು, ಸಣ್ಣ ಕೈಗಾರಿಕೆಗಳ ಮಾಲೀಕರು ಮತ್ತು ಕಾರ್ಮಿಕರು ಸೇರಿದ್ದ ಸಭೆಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಅಧ್ಯಾಪಕಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)

ವೇದಿಕೆಯ ಮೇಲಿನ ಹಿರಿಯರಿಗೆ, ನನ್ನ ಸಹೋದ್ಯೋಗಿಗಳಿಗೆ, ಮೊದಲ ಪಾಳಿ ಮುಗಿಸಿ ಕೈ ತೊಳೆದುಕೊಂಡು ನೇರವಾಗಿ ಇಲ್ಲಿಗೇ ಬಂದಿರುವ ಕಾರ್ಮಿಕ ಬಂಧುಗಳಿಗೆ ನಮಸ್ಕಾರ.

ಕೆಲಸದ ಜಾಗದಲ್ಲಿ ಸಮಾನತೆ, ವಯಸ್ಸಾದ ಕಾರ್ಮಿಕರಿಗೆ ಆಸರೆ, ಅದರಲ್ಲಿ ಕಾಲೇಜುಗಳ ಪಾಲು: ಇದು ನನಗೆ ಕೊಟ್ಟ ವಿಷಯ. ನಾನು ಒಂದು ಲೇತಿನಿಂದ, ಅಂದರೆ ಲೋಹ ಕಡೆಯುವ ಯಂತ್ರದಿಂದ, ಆರಂಭಿಸುತ್ತೇನೆ.

ನನ್ನ ಅಪ್ಪ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ 22 ವರ್ಷ ಲೇತ್ ನಡೆಸುವ ಟರ್ನರ್ ಆಗಿದ್ದರು. ಹದಿನಾಲ್ಕು ಜನ ದುಡಿಯುವ ಶಾಪು. 2004ರ ಶ್ರಾವಣದ ಒಂದು ಶನಿವಾರ, ಅವರಿಗೆ 54 ವರ್ಷವಾಗಿದ್ದಾಗ, ಮಾಲೀಕರು ಕರೆದು, “ಇನ್ನು ನಿಮಗೆ ವಯಸ್ಸಾಯಿತು, ಮಾಡಿದ ಜಾಬುಗಳು ರಿಜೆಕ್ಟ್ ಆಗುತ್ತಿವೆ, ಮನೆಯಲ್ಲಿ ಆರಾಮವಾಗಿರಿ” ಎಂದು ಒಂದು ಪಾಕೀಟು ಕೊಟ್ಟರು. ಅದರಲ್ಲಿ ಹತ್ತು ಸಾವಿರ ರೂಪಾಯಿ ಇತ್ತು. ಆ ಸಂಜೆ ಅಪ್ಪ ಮನೆಗೆ ತಂದದ್ದು ಆ ಪಾಕೀಟು ಮತ್ತು ತಮ್ಮ ಸ್ವಂತ ದುಡ್ಡಿನಲ್ಲಿ ಕೊಂಡಿದ್ದ, ಸೂಕ್ಷ್ಮ ಅಳತೆ ನೋಡುವ ಮೈಕ್ರೋಮೀಟರ್. ಅವ್ವ ಚಹಾಕ್ಕೆ ಇಟ್ಟಳು. ರಾತ್ರಿ ಊಟದವರೆಗೆ ಮನೆಯಲ್ಲಿ ಯಾರೂ ಮಾತನಾಡಲಿಲ್ಲ.

ಅದೇ ವರ್ಷ ನಾನು ಆ ಶಾಪಿನಿಂದ ಸೈಕಲ್ ಮೇಲೆ ಕಾಲು ಗಂಟೆಯ ದಾರಿಯಲ್ಲಿದ್ದ ಕಾಲೇಜಿನಲ್ಲಿ ಇಂಜಿನಿಯರಿಂಗ್ ಮೂರನೆಯ ವರ್ಷ ಓದುತ್ತಿದ್ದೆ. ಎರ್ಗಾನಾಮಿಕ್ಸ್, ಅಂದರೆ ಕೆಲಸವನ್ನು ಮನುಷ್ಯನ ಮೈಗೆ ಹೊಂದಿಸುವ ಶಾಸ್ತ್ರ, ನನಗೆ ಮೆಚ್ಚಿನ ವಿಷಯವಾಗಿತ್ತು. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಗಡುಸಾಗುತ್ತದೆ, ಹತ್ತಿರದ ಗೆರೆಗಳು ಮಸುಕಾಗುತ್ತವೆ, ಇಪ್ಪತ್ತರ ಕಣ್ಣಿನೊಳಗೆ ಹೋಗುವ ಬೆಳಕಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಅರವತ್ತರ ಕಣ್ಣಿನ ಒಳಪರದೆಯನ್ನು ಮುಟ್ಟುತ್ತದೆ ಎಂದೆಲ್ಲ ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಅಪ್ಪನ ಲೇತಿನ ಮೇಲೆ ಎಷ್ಟು ಬೆಳಕು ಬೀಳುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಮುಂದೆ ಬಹಳ ದಿನಗಳ ಮೇಲೆ ಅವರೇ ಹೇಳಿದರು: ಬೆನ್ನ ಹಿಂದೆ, ತಗಡಿನ ಚಾವಣಿಗೆ ಹತ್ತಿ ಒಂದು ಟ್ಯೂಬ್‌ಲೈಟು. ಅಳತೆ ನೋಡಲು ಬಗ್ಗಿದರೆ ಅವರ ತಲೆಯ ನೆರಳೇ ಜಾಬಿನ, ಅಂದರೆ ಕಡೆಯುತ್ತಿದ್ದ ಭಾಗದ, ಮೇಲೆ. ಮಿಲಿಮೀಟರಿನ ನೂರನೆಯ ಒಂದು ಭಾಗವನ್ನು ಅವರು ಆ ನೆರಳಿನಲ್ಲಿ ಓದಬೇಕಿತ್ತು.

ಅವರಿಗೆ ಬೇಕಾಗಿದ್ದದ್ದು ಲೇತಿಗೆ ಸಿಕ್ಕಿಸುವ ಒಂದು ದೀಪ ಮತ್ತು ಒಂದು ಜೊತೆ ಕನ್ನಡಕ. ಅದು ಗೊತ್ತಿದ್ದ ಮನುಷ್ಯರು ಕಾಲು ಗಂಟೆಯ ದೂರದಲ್ಲಿ ಪಾಠ ಮಾಡುತ್ತಿದ್ದರು, ಪಾಠ ಕೇಳುತ್ತಿದ್ದರು. ಈ ದಾರಿಯನ್ನು ಯಾರೂ ನಡೆಯಲಿಲ್ಲ ಎಂಬುದು ನನ್ನ ಎದೆಯಲ್ಲಿ ಇಪ್ಪತ್ತು ವರ್ಷಗಳಿಂದ ಇರುವ ಮುಳ್ಳು. ಇವತ್ತು ನಿಮ್ಮ ಮುಂದೆ ನಿಂತಿರುವುದು ಅದಕ್ಕಾಗಿಯೇ.

‘ವಯಸ್ಸಾಯಿತು’ ಎಂಬ ಮಾತಿನ ಹಿಂದೆ ಏನಿದೆ ಎಂದು ಬಿಡಿಸಿ ನೋಡಬೇಕು. 2007ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಕಂಪನಿ ಡಿಂಗೋಲ್ಫಿಂಗ್‌ನ ತನ್ನ ಕಾರ್ಖಾನೆಯಲ್ಲಿ ಒಂದು ಪ್ರಯೋಗ ಮಾಡಿತು. ಮುಂದಿನ ಹತ್ತು ವರ್ಷಗಳಲ್ಲಿ ತನ್ನ ಕಾರ್ಮಿಕರ ಸರಾಸರಿ ವಯಸ್ಸು 47ಕ್ಕೆ ಏರಲಿದೆ ಎಂದು ಲೆಕ್ಕ ಹಾಕಿ, ಅದೇ ಸರಾಸರಿಯ 42 ಜನರನ್ನು ಒಂದು ಉತ್ಪಾದನಾ ಸಾಲಿಗೆ ಹಾಕಿತು. ಏನು ಬದಲಾಗಬೇಕು ಎಂದು ಆ ಕಾರ್ಮಿಕರನ್ನೇ ಕೇಳಿತು. ಕಾಲಿಗೆ ಹಿತವಾಗುವ ಮರದ ನೆಲ, ನಡುನಡುವೆ ಕುಳಿತು ಮಾಡಲು ಕುರ್ಚಿ, ಸಣ್ಣ ಭಾಗಗಳನ್ನು ನೋಡಲು ಭೂತಗನ್ನಡಿ, ಪಾದಕ್ಕೆ ತಕ್ಕ ಬೂಟು, ಎತ್ತರ ಹೊಂದಿಸಬಲ್ಲ ಮೇಜು. ಹೀಗೆ ಸುಮಾರು 70 ಚಿಕ್ಕ ಬದಲಾವಣೆಗಳು. ಒಟ್ಟು ಖರ್ಚು 40 ಸಾವಿರ ಯೂರೋ ಆಸುಪಾಸು. ಕಾರಿನ ಕಂಪನಿಗೆ ಅದು ಕೈಖರ್ಚಿನ ಹಣ. ಒಂದೇ ವರ್ಷದಲ್ಲಿ ಆ ಸಾಲಿನ ಉತ್ಪಾದಕತೆ ಶೇಕಡಾ 7ರಷ್ಟು ಏರಿ, ಚಿಕ್ಕ ವಯಸ್ಸಿನವರ ಸಾಲುಗಳಿಗೆ ಸಮನಾಯಿತು.

ಅದು ಜರ್ಮನಿ, ಇದು ಹುಬ್ಬಳ್ಳಿ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಎಂಟು ಜನರ ಶಾಪು ನಡೆಸುವ ಮಾಲೀಕರು ಎರ್ಗಾನಾಮಿಕ್ಸ್ ತಜ್ಞರನ್ನು ಎಲ್ಲಿಂದ ತರಬೇಕು? ತರಬೇಕಾಗಿಯೇ ಇಲ್ಲ. ನಮ್ಮ ಕಾಲೇಜುಗಳಲ್ಲಿ ಕೊನೆಯ ವರ್ಷದ ಮಕ್ಕಳು ಪ್ರಾಜೆಕ್ಟಿಗೆ ವಿಷಯ ಸಿಗದೆ ಹಿಂದಿನ ವರ್ಷದ ವರದಿಯನ್ನೇ ತಿರುವಿ ಹಾಕುತ್ತಾರೆ. ಬೆಳಕು ಅಳೆಯುವ ಲಕ್ಸ್ ಮೀಟರ್, ಸದ್ದು ಅಳೆಯುವ ಮೀಟರ್ ನಮ್ಮ ಪ್ರಯೋಗಾಲಯಗಳ ಕಪಾಟಿನಲ್ಲಿ ವರ್ಷಕ್ಕೆ ಎರಡು ಸಲ ಮಾತ್ರ ಹೊರಗೆ ಬರುತ್ತವೆ. ಕಾರ್ಖಾನೆಯಲ್ಲಿ ಸಾಕಷ್ಟು ಮತ್ತು ತಕ್ಕ ಬೆಳಕು ಇರಬೇಕು ಎಂದು 1948ರ ಕಾರ್ಖಾನೆಗಳ ಕಾಯ್ದೆಯ 17ನೇ ಕಲಮೇ ಹೇಳಿತ್ತು. ನಾಲ್ಕು ವಿದ್ಯಾರ್ಥಿಗಳು ಒಂದು ಮಧ್ಯಾಹ್ನ ಹೋಗಿ, ಪ್ರತಿ ಯಂತ್ರದ ಮುಂದೆ ಮೀಟರ್ ಹಿಡಿದು, ಅಲ್ಲಿ ನಿಲ್ಲುವ ಕಾಕಾನನ್ನು “ಎಲ್ಲಿ ನೋಯುತ್ತದೆ, ಯಾವುದು ಕಾಣುವುದಿಲ್ಲ?” ಎಂದು ಕೇಳಿ ಬರೆದುಕೊಂಡರೆ ಅರ್ಧ ಕೆಲಸ ಮುಗಿಯಿತು. ಆ ಪ್ರಶ್ನೆಯನ್ನು ಅವರಿಗೆ ಇದುವರೆಗೆ ಯಾರೂ ಕೇಳಿರುವುದಿಲ್ಲ.

ಈಗ ಕಾಗದದ ಮಾತಿಗೆ ಬರುತ್ತೇನೆ. ಇದು ಕಷ್ಟದ ಭಾಗ. ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ನಮ್ಮ ಸಂವಿಧಾನದ 15ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಆಧಾರದ ಮೇಲೆ ಭೇದ ಮಾಡಬಾರದು ಎನ್ನುತ್ತದೆ. ವಯಸ್ಸು ಆ ಸಾಲಿನಲ್ಲಿಲ್ಲ. ಅಮೆರಿಕದಲ್ಲಿ ನಲವತ್ತು ದಾಟಿದವರನ್ನು ವಯಸ್ಸಿನ ಕಾರಣಕ್ಕೆ ಕೆಲಸದಿಂದ ದೂರ ಇಡುವಂತಿಲ್ಲ ಎಂದು 1967ರಲ್ಲೇ ಕಾಯ್ದೆಯಾಯಿತು. ಬ್ರಿಟನ್ನಿನ 2010ರ ಸಮಾನತಾ ಕಾಯ್ದೆಯಲ್ಲೂ ವಯಸ್ಸು ಸೇರಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1980ರಲ್ಲಿ ಹಿರಿಯ ಕಾರ್ಮಿಕರಿಗಾಗಿಯೇ 162ನೇ ಶಿಫಾರಸನ್ನು ಹೊರಡಿಸಿತು. ನಮ್ಮಲ್ಲಿ ಖಾಸಗಿ ಕೆಲಸದ ಜಾಗಗಳಿಗೆ ಅಂಥ ಕಾಯ್ದೆಯಿಲ್ಲ. ಹೀಗಾಗಿ ಇರುವ ಹಕ್ಕುಗಳನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕು. ಅವೂ ಕೈಗೆ ಬರುವುದು ಕಾಗದ ಓದಬಲ್ಲವರಿಗೆ ಮಾತ್ರ.

ಅಪ್ಪನ ಲೆಕ್ಕವನ್ನೇ ತೆಗೆದುಕೊಳ್ಳಿ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ, ಐದು ವರ್ಷ ಸತತ ಸೇವೆ ಮಾಡಿದವರಿಗೆ, ಪ್ರತಿ ವರ್ಷದ ಸೇವೆಗೆ ಹದಿನೈದು ದಿನದ ವೇತನ ಎಂದು ಕೆಲಸ ಬಿಡುವಾಗ ಸಲ್ಲಬೇಕಾದ ಹಣದ, ಅಂದರೆ ಗ್ರ್ಯಾಚುಟಿಯ, 1972ರ ಕಾಯ್ದೆ ಹೇಳಿತ್ತು. ತಿಂಗಳ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕು. ಅಪ್ಪನ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 5,200 ರೂಪಾಯಿ. ವರ್ಷಕ್ಕೆ 3,000 ಆಯಿತು. 22 ವರ್ಷಕ್ಕೆ 66,000. ಪಾಕೀಟಿನಲ್ಲಿ ಇದ್ದದ್ದು ಹತ್ತು ಸಾವಿರ. ಆ ಉಳಿದ ಹಣದ ಮಾತನ್ನು ನಾವು ಎಂದೂ ಎತ್ತಲಿಲ್ಲ, ಏಕೆಂದರೆ ನಮಗೆ ಗೊತ್ತೇ ಇರಲಿಲ್ಲ. ಮಾಲೀಕರಿಗೂ ಗೊತ್ತಿತ್ತೋ ಇಲ್ಲವೋ. ಅವರೂ ನಮ್ಮ ಹಾಗೆಯೇ ಕಷ್ಟದಿಂದ ಶಾಪು ಕಟ್ಟಿದವರು, ಹಬ್ಬಕ್ಕೆ ಮನೆಗೆ ಕರೆಯುತ್ತಿದ್ದವರು. ಅವರ ಮೇಲೆ ಹಗೆಯಿಂದ ಈ ಮಾತು ಹೇಳುತ್ತಿಲ್ಲ.

ಹುಬ್ಬಳ್ಳಿಯ ನವನಗರದಲ್ಲಿ 2009ರಿಂದ ರಾಜ್ಯದ ಕಾನೂನು ವಿಶ್ವವಿದ್ಯಾಲಯವಿದೆ. ಹುಬ್ಬಳ್ಳಿ, ಧಾರವಾಡ, ಗದಗಗಳಲ್ಲಿ ಕಾನೂನು ಕಾಲೇಜುಗಳಿವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಮಹಿಳೆಯರಿಗೆ ಮತ್ತು ಕೈಗಾರಿಕಾ ಕಾರ್ಮಿಕರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಕಾನೂನು ವಿದ್ಯಾರ್ಥಿಗಳು ತಿಂಗಳಿಗೊಮ್ಮೆ, ಪಗಾರದ ಮರುದಿನ, ಕೈಗಾರಿಕಾ ಎಸ್ಟೇಟಿನ ಚಹಾದಂಗಡಿಯ ಬಳಿ ಒಂದು ಮೇಜು ಹಾಕಿ ಕುಳಿತರೆ ಸಾಕು. ಭವಿಷ್ಯ ನಿಧಿಯ (ಪಿ.ಎಫ್.) ಪಾಸ್‌ಬುಕ್ಕಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು. ಮೂರು ಶಾಪುಗಳಲ್ಲಿ ದುಡಿದವರಿಗೆ ಮೂರು ಬೇರೆ ಬೇರೆ ಖಾತೆ. ಭವಿಷ್ಯ ನಿಧಿಯ ಪೂರ್ಣ ಪಿಂಚಣಿಗೆ 58 ತುಂಬಬೇಕು, ಹತ್ತು ವರ್ಷದ ಸೇವೆ ಇರಬೇಕು. ಖಾತೆಗಳನ್ನು ಕೂಡಿಸದೆ ಹೋದರೆ ಹನ್ನೆರಡು ವರ್ಷ ದುಡಿದವನ ಸೇವೆಯೂ ಕಾಗದದ ಮೇಲೆ ತುಂಡು ತುಂಡಾಗಿಯೇ ಉಳಿಯುತ್ತದೆ. 2014ರಿಂದ ಕನಿಷ್ಠ ಪಿಂಚಣಿ ಎಂದು ನಿಗದಿಯಾದದ್ದು ತಿಂಗಳಿಗೆ 1,000 ರೂಪಾಯಿ. ಬಹಳ ಕಡಿಮೆ. ಆದರೂ ಅದು ಸೊಸೆಯ ಮುಂದೆ ಕೈ ಚಾಚದೆ ಔಷಧ ತರುವ ಹಣ.

ಇನ್ನೊಂದು ಸಂಗತಿ ನನಗೆ ಬಹಳ ನೋವು ಕೊಡುತ್ತದೆ. 2015ರ ಅಟಲ್ ಪಿಂಚಣಿ ಯೋಜನೆಗೂ, 2019ರಲ್ಲಿ ಅಸಂಘಟಿತ ಕಾರ್ಮಿಕರಿಗೆಂದು ಬಂದ ಶ್ರಮಯೋಗಿ ಮಾನ್‌ಧನ್ ಯೋಜನೆಗೂ ಸೇರುವ ವಯಸ್ಸು 18ರಿಂದ 40. ಯೋಜನೆ ಬಂದ ದಿನವೇ 45 ವರ್ಷದವರಾಗಿದ್ದವರ ಪಾಲಿಗೆ ಆ ಬಾಗಿಲು ತೆರೆಯಲೇ ಇಲ್ಲ. ಹಾಗಾಗಿ ನಮ್ಮ ಮೇಜಿನ ಬಳಿ ಬರುವ ಪ್ರತಿ ಹಿರಿಯ ಕಾರ್ಮಿಕನಿಗೂ, “ಕಾಕಾ, ನಿಮ್ಮ ಜೊತೆ ದುಡಿಯುವ ಮೂವತ್ತರ ಹುಡುಗರನ್ನೂ ಕರೆದುಕೊಂಡು ಬನ್ನಿ” ಎಂದು ಹೇಳಿ ಕಳಿಸಬೇಕು.

ಇದುವರೆಗೆ ಶಾಪಿನ ಗಂಡಸರ ಮಾತಾಯಿತು. ಬ್ಯಾಡಗಿಗೆ ಹೋಗೋಣ. ಆ ಊರಿನ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ, ಅಂದರೆ ಊರಿನ ಹೆಸರಿಗೆ ಕಾನೂನಿನ ಮಾನ್ಯತೆ, ಸಿಕ್ಕಿತು. ಆ ಕಾಯಿಯ ತೊಟ್ಟು ಬಿಡಿಸುವ ಕೈಗಳು ಹೆಚ್ಚಾಗಿ ಹೆಣ್ಣುಮಕ್ಕಳದು, ಅವರಲ್ಲಿ ಐವತ್ತು ದಾಟಿದವರು ಬಹಳ. ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೆಸರಾದ ಕಾಯಿಯೇ ಆದರೂ ದಿನವಿಡೀ ಹಿಡಿದ ಬೆರಳು ರಾತ್ರಿ ಉರಿಯುತ್ತದೆ. ನೆಲದ ಮೇಲೆ ಕುಳಿತು ಕುಳಿತು ಮೊಣಕಾಲು ಹಿಡಿದುಕೊಳ್ಳುತ್ತದೆ. ತೂಕದ ಮೇಲೆ ಕೂಲಿ, ಆದ್ದರಿಂದ ಕೈ ನಿಧಾನವಾದಷ್ಟೂ ಕೂಲಿ ಇಳಿಯುತ್ತದೆ. ನೇಮಕಾತಿ ಪತ್ರವಿಲ್ಲ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ಇವರಿಗೆ ‘ನಿವೃತ್ತಿ’ ಎಂಬ ಶಬ್ದವೇ ಇಲ್ಲ. ಒಂದು ದಿನ ಕರೆ ಬರುವುದು ನಿಲ್ಲುತ್ತದೆ, ಅಷ್ಟೆ. ಒಂದೇ ಕೆಲಸಕ್ಕೆ ಗಂಡು ಹೆಣ್ಣಿಗೆ ಒಂದೇ ಕೂಲಿ ಎಂದು 1976ರಲ್ಲೇ ಕಾಯ್ದೆ ಬಂದಿತ್ತು. ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧದ 2013ರ ಕಾಯ್ದೆಯು, ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು ಎನ್ನುತ್ತದೆ. ವಯಸ್ಸಾದ ಹೆಂಗಸಿಗೆ ಅಂಥ ತೊಂದರೆ ಎಲ್ಲಿಯದು ಎಂದು ನಗುವವರಿದ್ದಾರೆ. ಅವರು ಆ ಹೆಂಗಸರ ಜೊತೆ ಒಂದು ದಿನವೂ ಕುಳಿತಿಲ್ಲ.

ಗದಗದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ, ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಸಮಾಜಕಾರ್ಯ ಓದುವ ಹುಡುಗಿಯರು ಈ ಮಹಿಳೆಯರ ಬಳಿ ಹೋದರೆ ಅವರು ಎಲ್ಲವನ್ನೂ ಹೇಳುತ್ತಾರೆ. ನನ್ನಂಥ ಇಂಜಿನಿಯರ್ ಅಲ್ಲಿ ಮಾಡಿಕೊಡಬೇಕಾದದ್ದು ಗೇಣೆತ್ತರದ ಒಂದು ಮಣೆ, ಕೈಗವಸು, ಘಾಟು ಹೊರಗೆ ಹೋಗುವ ಒಂದು ಫ್ಯಾನು.

ಇನ್ನು ನಮ್ಮ ಮನೆಯ ಮಾತು. ಕಾಲೇಜುಗಳು ಪಾಲುದಾರರಾಗಬೇಕು ಎಂದೆ. ನಾವು ಅದಕ್ಕೆ ಯೋಗ್ಯರಾಗಿದ್ದೇವೆಯೇ?

2015ರಲ್ಲಿ ನಾನು ಆಗ ಕೆಲಸ ಮಾಡುತ್ತಿದ್ದ ಕಾಲೇಜಿಗೆ ಒಂದು ದಿನ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಅವರಿಗೆ ಆಗ 65. ಲೋಹ ಕತ್ತರಿಸುವ ಟೂಲ್ ಬಿಟ್ ಮೊಂಡಾಗುವ ಮೊದಲು ಲೇತಿನ ಸದ್ದು ಹೇಗೆ ಬದಲಾಗುತ್ತದೆ ಎಂದು ಮಕ್ಕಳಿಗೆ ಕೇಳಿಸಿದರು. ಕಣ್ಣು ಮುಚ್ಚಿಕೊಳ್ಳಿರಿ ಎಂದರು. ಇಪ್ಪತ್ತೆರಡು ಹುಡುಗ ಹುಡುಗಿಯರು ಕಣ್ಣು ಮುಚ್ಚಿ ನಿಂತರು. ಕಡೆದಾಗ ಹೊರಬರುವ ಲೋಹದ ಚೂರಿನ ಬಣ್ಣ ನೋಡಿ ಬಿಸಿಯನ್ನು ಅಂದಾಜು ಮಾಡುವುದನ್ನು ತೋರಿಸಿದರು. ನಾನು ನಾಲ್ಕು ತಾಸಿನಲ್ಲಿ ಕಲಿಸಲಾಗದ್ದನ್ನು ಅವರು ಮುಕ್ಕಾಲು ತಾಸಿನಲ್ಲಿ ಕಲಿಸಿದರು. ಅತಿಥಿ ಬೋಧಕರೆಂದು ಅವರನ್ನು ವಾರಕ್ಕೆರಡು ದಿನ ಕರೆಯೋಣ ಎಂದು ಅರ್ಜಿ ಹಾಕಿದೆ. ಪ್ರಮಾಣಪತ್ರವಿಲ್ಲ, ಅರವತ್ತು ಮೀರಿದೆ ಎಂದು ಅರ್ಜಿ ಮರಳಿತು. ಅಂದರೆ ಅದೇ ‘ವಯಸ್ಸಾಯಿತು’ ಎಂಬ ಮಾತನ್ನು ಅಪ್ಪ ಎರಡನೆಯ ಸಲ ಕೇಳಿದ್ದು ನನ್ನ ಕಾಲೇಜಿನಿಂದ.

2022ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ಹುದ್ದೆಗೆ ಮಾರ್ಗಸೂಚಿ ತಂದಿತು. ಹದಿನೈದು ವರ್ಷದ ಅನುಭವವಿದ್ದವರಿಗೆ ಪದವಿ ಕಡ್ಡಾಯವಲ್ಲ. ಮಂಜೂರಾದ ಹುದ್ದೆಗಳ ಶೇಕಡಾ 10ರವರೆಗೆ ನೇಮಿಸಿಕೊಳ್ಳಬಹುದು. ಹಿರಿಯ ದರ್ಜೆಯವರಿಗೆ ಆದ್ಯತೆ ಎಂದು ಅದರಲ್ಲಿದೆ, ಹಾಗಾಗಿ ಕಂಪನಿಗಳ ದೊಡ್ಡ ಅಧಿಕಾರಿಗಳು ಬರುತ್ತಾರೆ. ಬರಲಿ. ಆದರೆ ಬೆಟಗೇರಿಯ ನೇಕಾರರು, ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಫಿಟ್ಟರ್‌ಗಳು, ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಹೊಲಿದ ಹೆಣ್ಣುಮಕ್ಕಳು ಬರುವ ಬಾಗಿಲೂ ನಮಗೆ ಬೇಕು. ಗೌರವಧನ ಕೊಟ್ಟು, ಹಾಜರಿಯಲ್ಲಿ ಹೆಸರು ಬರೆದು, ಮಕ್ಕಳು ಎದ್ದು ನಿಂತು ನಮಸ್ಕರಿಸುವ ಹಾಗೆ ಕರೆಯಬೇಕು. ಸಹಾಯ ಪಡೆಯುವವರೆಂದಷ್ಟೇ ಅವರನ್ನು ಕಂಡರೆ ನಾವು ಮತ್ತೆ ಅದೇ ಪಾಕೀಟು ಕೊಟ್ಟಂತೆ.

ಖರ್ಚಿನ ಪ್ರಶ್ನೆ ಇದೆ, ಗೊತ್ತು. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ ಒಬ್ಬೊಬ್ಬ ರೈತನ ಬಳಿ ಇದ್ದದ್ದೂ ಅಲ್ಪವೇ. ನಮ್ಮ ಎಸ್ಟೇಟಿನ ಇಪ್ಪತ್ತು ಶಾಪುಗಳು ಸೇರಿ ಒಂದು ಕಣ್ಣಿನ ತಪಾಸಣೆ, ಒಂದು ಕಾಲೇಜು ತನ್ನ ಮೀಟರ್ ಮತ್ತು ಮಕ್ಕಳು, ಇನ್ನೊಂದು ಕಾಲೇಜು ತನ್ನ ಕಾನೂನು ಮೇಜು. ಒಪ್ಪಂದಕ್ಕೆ ಒಂದು ಪುಟ ಸಾಕು. ಅದರಲ್ಲಿ ಒಂದು ಸಾಲು ಮಾತ್ರ ತಪ್ಪದೆ ಇರಬೇಕು: ವಿದ್ಯಾರ್ಥಿಗಳು ಕಂಡುಹಿಡಿದ ಕುಂದಿನ ಕಾರಣಕ್ಕೆ ಯಾವ ಕಾರ್ಮಿಕನನ್ನೂ ಕೆಲಸದಿಂದ ತೆಗೆಯುವಂತಿಲ್ಲ. ಆ ಸಾಲಿಲ್ಲದಿದ್ದರೆ ಕಣ್ಣು ಕಾಣುವುದಿಲ್ಲ ಎಂದು ಯಾರೂ ನಮ್ಮ ಮಕ್ಕಳಿಗೆ ಹೇಳುವುದಿಲ್ಲ.

ಹೊರಗೆ ಬಾಗಿಲ ಬಳಿ ಮೇಜಿನ ಮೇಲೆ ಒಂದು ವಹಿ ಇಟ್ಟಿದ್ದೇನೆ. ಬರುವ ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ನಾನು ಎಂಟು ವಿದ್ಯಾರ್ಥಿಗಳ ಜೊತೆ ಗೋಕುಲ ರಸ್ತೆಗೆ ಹೊರಡುತ್ತೇನೆ, ಸೈಕಲ್ ಮೇಲೆ. ಯಾವ ಶಾಪಿನಿಂದ ಆರಂಭಿಸಬೇಕು ಎಂಬುದನ್ನು ಮಾಲೀಕರು ಆ ವಹಿಯಲ್ಲಿ ಬರೆಯಬೇಕು. ಬರೆಯಲು ಬಾರದ ಕಾಕಾ, ಅವ್ವಂದಿರಿದ್ದರೆ ಪಕ್ಕದಲ್ಲಿ ನನ್ನ ವಿದ್ಯಾರ್ಥಿನಿ ಕುಳಿತಿದ್ದಾಳೆ, ಅವಳಿಗೆ ಹೇಳಿ ಬರೆಸಬಹುದು. ಅಪ್ಪನ ಮೈಕ್ರೋಮೀಟರ್ ಕೂಡ ಅದೇ ಮೇಜಿನ ಮೇಲಿದೆ. ಕೈಯಲ್ಲಿ ಹಿಡಿದು, ಗೆರೆಗಳು ನಿಮಗೆ ಎಷ್ಟು ಕಾಣುತ್ತವೆ ಎಂದು ನೋಡಿರಿ.