ದೇವಿಯ ನೆರವೂ ಬೇಡವೆಂದ ವೀರ

ಕೇಳುಗರಿಗೆ ನಮಸ್ಕಾರ. ಹಮ್ಮಿನಿಂದ ಕೆಟ್ಟ ದುರಂತ ನಾಯಕರ ಮಾತು ಬಂದಾಗ ನನಗೆ ಮೊದಲು ನೆನಪಾಗುವವನು ಏಜಾಕ್ಸ್. ಗ್ರೀಕ್ ನಾಟಕಕಾರ ಸಾಫೋಕ್ಲಿಸ್ ಇವನ ಮೇಲೆ ಒಂದು ನಾಟಕವನ್ನೇ ಬರೆದಿದ್ದಾನೆ.

ಟ್ರಾಯ್ ನಗರದ ಮೇಲೆ ಗ್ರೀಕರು ಹೂಡಿದ ಯುದ್ಧಕ್ಕೆ ಹೊರಟ ಮಗ ಏಜಾಕ್ಸ್‌ಗೆ ಅಪ್ಪ ಬುದ್ಧಿ ಹೇಳುತ್ತಾನೆ: ಗೆದ್ದು ಬಾ, ಆದರೆ ದೇವರನ್ನು ನಂಬಿ ಗೆಲ್ಲು. ಮಗ ಏನಂದ ಗೊತ್ತಾ? ದೇವರ ಬಲವಿದ್ದರೆ ಕೈಲಾಗದವನೂ ಗೆಲ್ತಾನೆ, ನಾನು ಅದಿಲ್ಲದೇ ಗೆಲ್ತೀನಿ ಅಂದ. ಮುಂದೆ ರಣರಂಗದಲ್ಲಿ ಅಥೀನಾ ದೇವಿಯೇ ಬಂದು ಹುರಿದುಂಬಿಸಿದಳು. ನೀನು ಬೇರೆಯವರ ಹತ್ತಿರ ನಿಲ್ಲು ತಾಯಿ, ನಾನಿರುವ ಕಡೆ ಶತ್ರು ನುಗ್ಗಲಾರ ಎಂದುಬಿಟ್ಟ. ಅದು ಬರೀ ಬಡಾಯಿಯೂ ಅಲ್ಲ. ಅಕಿಲೀಸ್‌ನನ್ನು ಬಿಟ್ಟರೆ ಗ್ರೀಕ್ ಪಡೆಯಲ್ಲಿ ಇವನಷ್ಟು ದೊಡ್ಡ ವೀರ ಇರಲಿಲ್ಲ.

ಅಕಿಲೀಸ್ ಸತ್ತ. ತನಗೇ ಸಿಗಬೇಕು ಎಂದು ಏಜಾಕ್ಸ್ ನಂಬಿದ್ದ ಅವನ ಆಯುಧಗಳು ಅದೇ ಪಡೆಯ ಇನ್ನೊಬ್ಬ ನಾಯಕ ಒಡಿಸ್ಯೂಸ್‌ನ ಪಾಲಾದವು. ಏಜಾಕ್ಸ್ ಸಿಟ್ಟಿನಿಂದ ರಾತ್ರಿ ತನ್ನದೇ ಪಡೆಯ ನಾಯಕರನ್ನು ಕೊಲ್ಲಲು ಹೊರಟ. ಅಥೀನಾ ಅವನ ಬುದ್ಧಿ ಕೆಡಿಸಿದಳು. ಅವನು ಕಡಿದು ಹಾಕಿದ್ದು ದನ ಕುರಿಗಳನ್ನು! ರಾತ್ರಿ, ಪಾಳೆಯ, ಕೊಲೆ ಅಂದರೆ ನಮಗೆ ಅಶ್ವತ್ಥಾಮ ನೆನಪಾಗ್ತಾನೆ, ಅಲ್ವಾ? ಬಿ.ಎಂ.ಶ್ರೀ ಅವರಿಗೂ ಹಾಗೇ ಅನ್ನಿಸಿರಬೇಕು. ಇದೇ ನಾಟಕವನ್ನು ಆಧರಿಸಿ 1929ರಲ್ಲಿ ‘ಅಶ್ವತ್ಥಾಮನ್’ ಬರೆದರು. ನಮ್ಮ ಚಿರಂಜೀವಿಯನ್ನು ನಾಟಕದಲ್ಲಿ ಸಾಯಿಸಿಯೂ ಬಿಟ್ಟರು. ಧೈರ್ಯ ಅಂದರೆ ಅದು.

ಬೆಳಿಗ್ಗೆ ಏಜಾಕ್ಸ್‌ಗೆ ಪ್ರಜ್ಞೆ ಬಂತು. ಹೆಂಡತಿಯಂತಿದ್ದ ಟೆಕ್ಮೆಸ್ಸಾ, ಸಾಯಬೇಡ ಎಂದು ಕಾಲು ಹಿಡಿಯುವಷ್ಟು ಬೇಡಿಕೊಂಡಳು. ಪುಟ್ಟ ಮಗನೂ ಇದ್ದ. ಆದರೆ ಏಜಾಕ್ಸ್‌ನ ತಲೆಯಲ್ಲಿದ್ದದ್ದು ಒಡಿಸ್ಯೂಸ್ ನಗುತ್ತಿರಬಹುದು ಅನ್ನೋ ಯೋಚನೆ ಒಂದೇ. ಟ್ರಾಯ್‌ನ ವೀರ ಹೆಕ್ಟರ್ ಕೊಟ್ಟ ಕತ್ತಿಯನ್ನು ನೆಲಕ್ಕೆ ನೆಟ್ಟು ಅದರ ಮೇಲೆ ಬಿದ್ದ. ದೇವಿಯ ಕೋಪ ಈ ಒಂದು ದಿನ ಮಾತ್ರ, ಅವನನ್ನು ಹೊರಗೆ ಬಿಡಬೇಡಿ ಎಂದು ಕಣಿಗಾರ ಹೇಳಿ ಕಳಿಸಿದ್ದ. ಸುದ್ದಿ ತಡವಾಗಿ ಬಂತು. ನನಗಂತೂ ಅವನನ್ನು ಕೊಂದದ್ದು ಅಥೀನಾ ಅನ್ನಿಸುವುದಿಲ್ಲ. ಇನ್ನೊಬ್ಬರು ನಗುವುದನ್ನು ತಡೆಯಲಾರದ ಅವನ ಹಮ್ಮೇ ಕೊಂದಿತು.

ಅಸಲಿಗೆ ಒಡಿಸ್ಯೂಸ್ ನಗಲೇ ಇಲ್ಲ. ಶತ್ರುವನ್ನು ನೋಡಿ ನಗು ಎಂದು ಅಥೀನಾ ಹುರಿದುಂಬಿಸಿದರೂ, ಅಯ್ಯೋ ಪಾಪ ಅಂದ. ಏಜಾಕ್ಸ್‌ನ ಹೆಣ ಹೂಳಬಾರದು ಎಂದು ಗ್ರೀಕ್ ಪಡೆಯ ಮುಖ್ಯಸ್ಥ ಅಗಮೆಮ್ನಾನ್ ಹಟ ಹಿಡಿದಾಗ ಅವನನ್ನು ಒಪ್ಪಿಸಿದವನೂ ಒಡಿಸ್ಯೂಸನೇ. ಹೂಳಲು ತಾನೂ ಕೈಜೋಡಿಸುತ್ತೇನೆ ಎಂದು ಮುಂದೆ ಬರುತ್ತಾನೆ. ಏಜಾಕ್ಸ್‌ನ ತಮ್ಮ ಟ್ಯೂಸರ್ ಉಪಕಾರ ನೆನೆಯುತ್ತಾನೆ, ಆದರೆ ಹೆಣ ಮುಟ್ಟಲು ಮಾತ್ರ ಬಿಡುವುದಿಲ್ಲ. ಸತ್ತವನಿಗೆ ಅದು ಇಷ್ಟವಾಗಲಿಕ್ಕಿಲ್ಲ ಅಂತ.