ಹಳೇ ಜೀಪಿನ ಹಿಂದಿನ ಚಕ್ರ

ಕೇಳುಗರಿಗೆ ನಮಸ್ಕಾರ.

ಮಳೆ ಬಿಟ್ಟಿದೆ. ನಮ್ಮ ಕೊಡಗಿನ ಎಷ್ಟೋ ಮನೆಗಳಲ್ಲಿ ಶೆಡ್ಡಿನ ಹಳೇ ಜೀಪು ಹೊರಗೆ ಬರುವ ಸಮಯ ಇದು. ಕಾಫಿ ಕೊಯ್ಲು ಶುರುವಾಗುವುದರೊಳಗೆ ಗಾಡಿ ಸರಿ ಇರಬೇಕಲ್ವಾ? ನಮ್ಮ ಮನೆಯಲ್ಲಿರುವುದು ಅಪ್ಪ ಕೊಂಡಿದ್ದ ಸಿಜೆ ತ್ರೀ ಬಿ. ವಿಲ್ಲೀಸ್ ಮಾದರಿಯ ಜೀಪು. ಯುದ್ಧಕ್ಕೆಂದು 1941ರಲ್ಲಿ ತಯಾರಾಗತೊಡಗಿದ ಜೀಪಿನ ವಂಶದ್ದು. ಅದರ ಮೇಲೆ ನನಗೆ ತುಂಬಾ ಪ್ರೀತಿ.

ಎರಡು ವರ್ಷದ ಹಿಂದೆ ಇದೇ ದಿನಗಳಲ್ಲಿ ಸುಂಟಿಕೊಪ್ಪದಿಂದ ವಾಪಸ್ ಬರುತ್ತಿದ್ದೆ. ಹಿಂದೆ ಬಲಗಡೆ ಏನೋ ಓಲಾಡಿದ ಹಾಗಾಯಿತು. ಮನೆ ತಲುಪುವಷ್ಟರಲ್ಲಿ ಸೀಟಿನವರೆಗೂ ಗೊತ್ತಾಗುತ್ತಿತ್ತು. ಗ್ಯಾರೇಜಿನಲ್ಲಿ ನೋಡಿದವರೇ ಬೇರಿಂಗ್ ಹೋಗಿದೆ ಅಂದರು, ಬದಲಾಯಿಸಿದರು. ದುಡ್ಡು ಕೊಟ್ಟು ಬಂದೆ. ಓಲಾಟ ಮಾತ್ರ ಹಾಗೇ ಇತ್ತು. ಬಿಚ್ಚುವ ಮೊದಲು ಓಲಾಟ ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕಿತ್ತು. ಆ ಹುಡುಕುವ ಕೆಲಸದ ಬಗ್ಗೆಯೇ ಇವತ್ತು ಹೇಳುತ್ತೇನೆ.

ಮೊದಲು ಗಾಡಿ ಓಡಿಸಿಯೇ ನೋಡಿ. ಜೀಪಿನ 16 ಇಂಚಿನ ಟೈರು ಒಂದು ಸುತ್ತಿಗೆ ಹೆಚ್ಚು ಕಡಿಮೆ ಎರಡೂಕಾಲು ಮೀಟರ್ ಹೋಗುತ್ತದೆ. ಗಂಟೆಗೆ 40 ಕಿಲೋಮೀಟರಿನಲ್ಲಿ ಸೆಕೆಂಡಿಗೆ ಸುಮಾರು 5 ಸುತ್ತು. ಕುಲುಕಾಟ ಅದೇ ಲೆಕ್ಕದಲ್ಲಿ ಬಂದರೆ ದೋಷ ಚಕ್ರದ ಹತ್ತಿರವೇ ಇದೆ. ಗುಂಯ್ ಎಂದು ಸಣ್ಣಗೆ ನಡುಗಿದರೆ ಪ್ರೊಪೆಲ್ಲರ್ ಶಾಫ್ಟಿನ, ಅಂದರೆ ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸೆಲ್ಲಿಗೆ ಹೋಗುವ ದಂಡದ, ಕ್ರಾಸ್ ಎಂಬ ಕೀಲು ನೋಡಿ. ಈ ಜೀಪಿನಲ್ಲಿ ಚಕ್ರ ಒಂದು ಸುತ್ತು ಬರುವಾಗ ಆ ಶಾಫ್ಟು ಐದಕ್ಕಿಂತ ಜಾಸ್ತಿ ಸುತ್ತುತ್ತದೆ. ಇನ್ನೊಂದು ವಿಷಯ. ಮೂರು ತಿಂಗಳು ನಿಂತಲ್ಲೇ ನಿಂತ ಟೈರು ನೆಲ ತಾಗಿದ ಕಡೆ ಚಪ್ಪಟೆಯಾಗಿರುತ್ತದೆ. ಟೈರು ಬಿಸಿಯಾದ ಮೇಲೆ ಕುಲುಕಾಟ ಕಡಿಮೆಯಾದರೆ ಅದು ಅಷ್ಟೇ.

ಇನ್ನು ಜಾಕಿ. ಇದನ್ನು ದಯವಿಟ್ಟು ಗಮನ ಇಟ್ಟು ಕೇಳಿ. ಹಳೇ ವಿಲ್ಲೀಸ್ ಮಾದರಿಯಲ್ಲಿ ಹ್ಯಾಂಡ್ ಬ್ರೇಕ್ ಚಕ್ರಕ್ಕೆ ಹಿಡಿಯುವುದಿಲ್ಲ. ಗೇರ್ ಬಾಕ್ಸಿನ ಹಿಂದೆ ಶಾಫ್ಟಿಗೆ ಹಿಡಿಯುತ್ತದೆ. ಹಿಂದಿನ ಒಂದು ಚಕ್ರ ಎತ್ತಿದರೆ, ಎರಡು ಚಕ್ರ ಬೇರೆ ಬೇರೆಯಾಗಿ ತಿರುಗಲು ಬಿಡುವ ಡಿಫರೆನ್ಷಿಯಲ್ ಗೇರಿನಿಂದಾಗಿ ಎತ್ತಿದ ಚಕ್ರ ಒಂದು ಕಡೆಗೆ ತಿರುಗುತ್ತದೆ, ನೆಲದಲ್ಲಿರುವುದು ಇನ್ನೊಂದು ಕಡೆಗೆ ಉರುಳುತ್ತದೆ. ಹ್ಯಾಂಡ್ ಬ್ರೇಕ್ ಎಳೆದಿದ್ದರೂ ಗಾಡಿ ಇಳಿಜಾರಿನಲ್ಲಿ ಹೊರಟುಬಿಡುತ್ತದೆ. ನಮ್ಮ ಕಡೆ ಅಂಗಳವೂ ಇಳಿಜಾರೇ. ಹಾಗಾಗಿ ನಾನು ಈ ಕೆಲಸವನ್ನು ಕಾಫಿ ಒಣಗಿಸುವ ಕಣದಲ್ಲಿ ಮಾಡುತ್ತೇನೆ. ಸಿಮೆಂಟಿನ ನೆಲ, ಮಟ್ಟಸವಾಗಿದೆ. ಆದರೂ ನೆಲದಲ್ಲಿರುವ ಮೂರೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಲೇಬೇಕು. ಆಕ್ಸೆಲ್ ಕೆಳಗೆ ಗಟ್ಟಿಯಾದ ಮರದ ತುಂಡು ಇಡಬೇಕು. ಬರೀ ಜಾಕಿಯನ್ನು ನಂಬಿ ಕೆಳಗೆ ಕೈ ಹಾಕಬೇಡಿ.

ಈಗ ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಡಿ. ರಿಮ್ಮಿನ ಅಂಚಿಗೆ ತಾಗುವಷ್ಟು ಹತ್ತಿರ ಒಂದು ಕೋಲು ನಿಲ್ಲಿಸಿ ಚಕ್ರ ನಿಧಾನವಾಗಿ ತಿರುಗಿಸಿ. ಒಂದು ಕಡೆ ಕೋಲಿಗೆ ಉಜ್ಜಿ, ಎದುರು ಕಡೆ ಸಂದು ಬಿಟ್ಟರೆ ಆ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ. ರಿಮ್ಮು ಡೊಂಕಾಗಿರಬಹುದು, ಒಳಗಿನದೂ ಆಗಿರಬಹುದು. ತಿಳಿಯಲು ಸುಲಭದ ದಾರಿ, ಸ್ಟೆಪ್ನಿ ಹಾಕಿ ನೋಡುವುದು. ಓಲಾಟ ಹೋದರೆ ರಿಮ್ಮು ಅಥವಾ ಟೈರಿನದ್ದು. ಹೋಗದಿದ್ದರೆ ಒಳಗೆ ಹುಡುಕಬೇಕು. ನಟ್ ಬಿಚ್ಚುವಾಗ ಒಂದು ಎಚ್ಚರ. ಇಂಥ ಎಷ್ಟೋ ಜೀಪುಗಳಲ್ಲಿ ಎಡಗಡೆ ಚಕ್ರದ ನಟ್ಟಿಗೆ ಉಲ್ಟಾ ಥ್ರೆಡ್ ಇರುತ್ತದೆ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಗೊತ್ತಿಲ್ಲದೆ ಪೈಪು ಸಿಕ್ಕಿಸಿ ತಿರುಗಿಸಿದರೆ ನಟ್ ಕೂರುವ ಸ್ಟಡ್ಡೇ ಮುರಿಯುತ್ತದೆ.

ನನ್ನ ಗಾಡಿಯಲ್ಲಿ ಸ್ಟೆಪ್ನಿ ಹಾಕಿದರೂ ಗುರುತು ಅದೇ ಸ್ಟಡ್ಡಿನ ಹತ್ತಿರ ಬಿತ್ತು. ಆಕ್ಸೆಲ್ಲನ್ನು ಹಿಡಿದಿಡುವ ಯು ಬೋಲ್ಟ್, ಸ್ಪ್ರಿಂಗ್ ಪಟ್ಟಿ ಎಲ್ಲ ಬಿಗಿ ಇದ್ದವು. ತೋಟದ ಡ್ರೈವರ್ ಅಣ್ಣನನ್ನು ಕರೆದೆ. ಹಬ್ಬಿನ, ಅಂದರೆ ಚಕ್ರ ಕೂರುವ ನಡುಭಾಗದ, ಮುಚ್ಚಳ ತೆಗೆದೆವು. ಒಳಗೆ ಆಕ್ಸೆಲ್ಲಿನ ತುದಿ, ಅದರ ಮೇಲೆ ದೊಡ್ಡ ನಟ್, ಅದು ಸಡಿಲವಾಗದಂತೆ ತಡೆಯುವ ಪಿನ್ನು. ಅಣ್ಣ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. ನಾನು ಆಕ್ಸೆಲ್ ತುದಿಯೂ ಹಬ್ಬೂ ಸೇರುವ ಜಾಗದಲ್ಲಿ ಉಗುರು ಇಟ್ಟೆ.

"ಏನಾದರೂ ಸಿಗುತ್ತಾ?" ಅಂದರು.

ಸಿಕ್ಕಿತು. ಹಬ್ಬು ಅಲ್ಲಾಡುತ್ತಿತ್ತು, ಆಕ್ಸೆಲ್ ಅಲ್ಲಾಡುತ್ತಿರಲಿಲ್ಲ. ಎರಡೂ ಒಟ್ಟಿಗೆ ಅಲ್ಲಾಡಿದ್ದರೆ ಅದು ಬೇರಿಂಗಿನ ಸಡಿಲ. ಚಕ್ರ ತಿರುಗಿಸುವಾಗ ಆಕ್ಸೆಲ್ಲಿನ ತುದಿಯೇ ಸಣ್ಣ ವೃತ್ತ ಬರೆದಿದ್ದರೆ ಆಕ್ಸೆಲ್ ಬಗ್ಗಿದೆ ಎಂದರ್ಥ. ಈ ಮೂರರ ವ್ಯತ್ಯಾಸ ಉಗುರಿನ ತುದಿಯಲ್ಲಿ ತಿಳಿಯುತ್ತದೆ. ಸಾವಿರಾರು ರೂಪಾಯಿ ಉಳಿಯುವುದು ಇಲ್ಲೇ.

ಈ ಜೀಪಿನ ಆಕ್ಸೆಲ್ ತುದಿ ಬುಗುರಿಯ ಹಾಗೆ ಚೂಪಾಗುತ್ತಾ ಹೋಗುತ್ತದೆ. ಹಬ್ಬು ಆ ಇಳಿಜಾರಿನ ಮೇಲೆ ಕಚ್ಚಿ ಕೂರಬೇಕು. ನಡುವೆ ಎರಡನ್ನೂ ಸೇರಿಸುವ ಒಂದು ಸಣ್ಣ ಕಬ್ಬಿಣದ ತುಂಡು, ಕೀ, ಇರುತ್ತದೆ. ಭಾರ ಹೊರುವುದು ಕೀ ಅಲ್ಲ, ಆ ಕಚ್ಚುವಿಕೆ. ನಟ್ ಸಡಿಲವಾದರೆ ಎಲ್ಲ ಭಾರ ಕೀ ಮೇಲೆ ಬೀಳುತ್ತದೆ, ಅದು ಸವೆಯುತ್ತದೆ. ರಿವರ್ಸ್ ಹೋಗಿ ಮತ್ತೆ ಮುಂದೆ ಹೋಗುವಾಗ ಹಿಂದಿನಿಂದ ಟಕ್ ಎಂದು ಸದ್ದು ಬಂದರೆ ಇದನ್ನು ಅನುಮಾನಿಸಿ. ನನಗೆ ಆ ಸದ್ದು ವಾರಗಳಿಂದ ಕೇಳುತ್ತಿತ್ತು.

ಪುಲ್ಲರ್ ಹಾಕಿ ಹಬ್ಬು ಎಳೆದಾಗ ಒಳಗಿನಿಂದ ಕಾಫಿಪುಡಿಯಷ್ಟು ನಯವಾದ ಕೆಂಪು ಹುಡಿ ಉದುರಿತು. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ತುಕ್ಕು. ಕೀ ಒಂದು ಬದಿ ಮೆಟ್ಟಿಲಿನ ಹಾಗೆ ತಿಂದುಹೋಗಿತ್ತು. ಹಬ್ಬಿನಲ್ಲಿ ಕೀ ಕೂರುವ ಸೀಳೂ ಅಗಲವಾಗಿತ್ತು. ಅದೃಷ್ಟಕ್ಕೆ ಆಕ್ಸೆಲ್ ಚೆನ್ನಾಗಿತ್ತು. ಇದೇ ಸ್ಥಿತಿಯಲ್ಲಿ ಸಂಪಾಜೆ ಘಾಟಿ ಇಳಿದಿದ್ದರೆ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಹೊಸ ಹಬ್ಬು, ಹೊಸ ಕೀ ತಂದೆ. ಕೂರುವ ಜಾಗವನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಎಣ್ಣೆ ಗ್ರೀಸು ಏನೂ ಹಚ್ಚದೆ ಒಣಗಿದ್ದ ಹಾಗೇ ಕೂರಿಸಿದೆ. ನಟ್ಟನ್ನು ಉದ್ದದ ಹಿಡಿಯ ಪಾನಾ ಹಾಕಿ ಬಲವಾಗಿ ಬಿಗಿ ಮಾಡಿದೆ. ಪಿನ್ನಿನ ತೂತು ಸರಿಯಾಗಿ ಸಿಗಲಿಲ್ಲ. ಅಂಥ ಹೊತ್ತಿನಲ್ಲಿ ನಟ್ಟನ್ನು ಹಿಂದಕ್ಕೆ ಸಡಿಲಿಸಬಾರದು, ಮುಂದಕ್ಕೇ ಬಿಗಿದು ತೂತು ಸೇರಿಸಬೇಕು.

ಮರುದಿನ ಸೋಮವಾರಪೇಟೆಗೆ ಹೋಗಿ ಬಂದು, ಪಿನ್ ತೆಗೆದು ಮತ್ತೆ ಪಾನಾ ಹಾಕಿದೆ. ನಟ್ ಇನ್ನೊಂದು ತೂತಿನಷ್ಟು ಮುಂದಕ್ಕೆ ಹೋಯಿತು. ವಾರ ಬಿಟ್ಟು ನೋಡಿದೆ, ಕದಲಲಿಲ್ಲ. ಹೊಸ ಪಿನ್ ಹಾಕಿ, ಅದರ ಕಾಲು ಬಗ್ಗಿಸಿ, ಮುಚ್ಚಳ ಹಾಕಿದೆ. ನಮಸ್ಕಾರ.