ಕುಲುಮೆ ಆರಿದ ಊರುಗಳ ಸಾಕ್ಷಿಗಳು

ನಮಸ್ಕಾರ. ಒಂದು ಸಣ್ಣ ವಿಡಿಯೊವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ರಾತ್ರಿಯ ಹೊತ್ತು. ಕತ್ತಲಲ್ಲಿ ಒಂದು ದಪ್ಪನೆಯ ಕಾಂಕ್ರೀಟ್ ಗೋಪುರ ನಿಂತಿದೆ. ಬುಡದಲ್ಲಿ ಮಿಂಚು ಹೊಡೆದಂತಾಗುತ್ತದೆ, ಗೋಪುರ ಕುಸಿಯುತ್ತದೆ, ಆಮೇಲೆ ಬರೀ ಧೂಳು. ನೋಡಿ ಮುಗಿಸಿದ ಮೇಲೆ ಮತ್ತೆ ಮೊದಲಿನಿಂದ ಹಚ್ಚುತ್ತೇನೆ, ಗೋಪುರ ಮತ್ತೆ ಎದ್ದು ನಿಲ್ಲುತ್ತದೆ.

ಅದು ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ ಟೀಸ್ ನದಿಯ ದಂಡೆಯ ಮೇಲಿದ್ದ ಡಾರ್ಮನ್ ಲಾಂಗ್ ಗೋಪುರ. ಸಿಡ್ನಿಯ ಬಂದರಿನ ದೊಡ್ಡ ಕಮಾನು ಸೇತುವೆಯನ್ನು ಕಟ್ಟಿದ್ದು ಇದೇ ಹೆಸರಿನ ಕಂಪನಿ. 1950ರ ದಶಕದಲ್ಲಿ ಕಲ್ಲಿದ್ದಲು ಸಂಗ್ರಹಿಸಲೆಂದು ಕಟ್ಟಿದ ಈ ಗೋಪುರದ ನೆತ್ತಿಯಲ್ಲಿ ಕಂಪನಿಯ ಹೆಸರು ದೂರಕ್ಕೆ ಕಾಣುವಂತಿತ್ತು. ಪಾಳಿ ಮುಗಿಸಿ ಹೋಗುವವರಿಗೂ, ಊರಿಗೆ ಮರಳಿ ಬರುವವರಿಗೂ ಅದು ಗುರುತು. ಪಕ್ಕದ ರೆಡ್‌ಕಾರ್‌ನ, ಅದಿರು ಕರಗಿಸಿ ಕಬ್ಬಿಣ ತೆಗೆಯುವ ಊದುಕುಲುಮೆ 2015ರಲ್ಲಿ ಆರಿತು. 2021ರ ಸೆಪ್ಟೆಂಬರ್‌ನಲ್ಲಿ ಗೋಪುರವನ್ನು ತುರ್ತಾಗಿ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿದರು. ಕೆಲವೇ ದಿನಗಳಲ್ಲಿ ಸಂಸ್ಕೃತಿ ಇಲಾಖೆಗೆ ಹೊಸ ಸಚಿವೆ ಬಂದರು, ಪಟ್ಟಿಯಿಂದ ತೆಗೆದರು. ಸೆಪ್ಟೆಂಬರ್ 19ರಂದು ಗೋಪುರವನ್ನು ಸ್ಫೋಟಿಸಿ ಉರುಳಿಸಲಾಯಿತು. ಅರವತ್ತು ಅರವತ್ತೈದು ವರ್ಷ ನಿಂತ ಕಟ್ಟಡಕ್ಕೆ ಸಿಕ್ಕ ರಕ್ಷಣೆ ಎರಡು ವಾರವೂ ಬಾಳಲಿಲ್ಲ.

ಕೆಡವಿದವರಿಗೂ ಒಂದು ವಾದವಿತ್ತು. ಆ ಜಾಗ ತೆರವಾಗಬೇಕು, ಅಲ್ಲಿ ಹೊಸ ಉದ್ಯಮ ಬರಬೇಕು, ಕೆಲಸ ಸಿಗಬೇಕು. ಕುಲುಮೆ ಆರಿದ ಊರಿನಲ್ಲಿ ಕೆಲಸದ ಮಾತನ್ನು ಹಗುರವಾಗಿ ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ, ನನಗಂತೂ ಇಲ್ಲ. ಆದರೂ ಆ ಅವಸರ ನನ್ನನ್ನು ಕಾಡುತ್ತದೆ. ಇಷ್ಟು ದಿನ ನಿಂತದ್ದು ಇನ್ನಾರು ತಿಂಗಳು ನಿಲ್ಲಬಾರದಿತ್ತೇ? ಆರು ತಿಂಗಳು ಊರಿನವರು ಕುಳಿತು ಮಾತಾಡಬಾರದಿತ್ತೇ?

ಆ ತಾರೀಖು ನನ್ನ ತಲೆಯಲ್ಲಿ ಉಳಿಯಲು ಇನ್ನೊಂದು ಕಾರಣವಿದೆ. ಸರಿಯಾಗಿ 44 ವರ್ಷಗಳ ಹಿಂದೆ, 1977ರ ಸೆಪ್ಟೆಂಬರ್ 19, ಸೋಮವಾರ. ಅಮೆರಿಕದ ಓಹಾಯೊ ರಾಜ್ಯದ ಯಂಗ್ಸ್‌ಟೌನ್. ಉಕ್ಕನ್ನೇ ಉಂಡು ಉಕ್ಕನ್ನೇ ಉಸಿರಾಡುತ್ತಿದ್ದ ಊರು. ಆ ಬೆಳಿಗ್ಗೆ ಯಂಗ್ಸ್‌ಟೌನ್ ಶೀಟ್ ಆ್ಯಂಡ್ ಟ್ಯೂಬ್ ಕಂಪನಿ ತನ್ನ ಕ್ಯಾಂಪ್‌ಬೆಲ್ ಕಾರ್ಖಾನೆಯ ಬಹುಭಾಗವನ್ನು ಮುಚ್ಚುವುದಾಗಿ ಘೋಷಿಸಿತು. ಸುಮಾರು 5,000 ಜನರ ಕೆಲಸ. ಅಲ್ಲಿನವರು ಆ ದಿನವನ್ನು ಇಂದಿಗೂ ಕಪ್ಪು ಸೋಮವಾರವೆಂದೇ ಕರೆಯುತ್ತಾರೆ. ಕಂಪನಿಯ ಹೆಸರಿನಲ್ಲಿ ಊರಿನ ಹೆಸರಿತ್ತು, ಆದರೆ ಒಡೆತನ ಊರಿನದಾಗಿರಲಿಲ್ಲ. 1969ರಲ್ಲೇ ಅದನ್ನು ದೂರದ ನ್ಯೂ ಓರ್ಲಿಯನ್ಸ್‌ನ ಒಂದು ಹಡಗು ಸಾಗಣೆ ಉದ್ಯಮದ ಸಮೂಹ ಕೊಂಡಿತ್ತು.

ಈ ಕಥೆಯ ಅತ್ಯಂತ ಮುಖ್ಯ ಭಾಗ ಆಮೇಲಿನದು, ಮತ್ತು ಅದನ್ನೇ ಜನ ಮರೆತಿದ್ದಾರೆ. ಊರು ಕೈಕಟ್ಟಿ ಕುಳಿತಿರಲಿಲ್ಲ. ಚರ್ಚುಗಳು, ಕಾರ್ಮಿಕರು, ಊರಿನ ಸಾಮಾನ್ಯರು ಸೇರಿ ಕಾರ್ಖಾನೆಯನ್ನು ತಾವೇ ಕೊಂಡು ನಡೆಸಲು ಯೋಜನೆ ಮಾಡಿದರು. ಜನ ತಮ್ಮ ಉಳಿತಾಯವನ್ನು ಅದಕ್ಕೆಂದೇ ಬ್ಯಾಂಕಿನಲ್ಲಿಟ್ಟರು. ಬೇಕಿದ್ದದ್ದು ಕೇಂದ್ರ ಸರ್ಕಾರದ ಸಾಲ ಖಾತರಿ. 1979ರಲ್ಲಿ ಅದು ಸಿಗಲಿಲ್ಲ. ಅದೇ ವರ್ಷ ಯು.ಎಸ್. ಸ್ಟೀಲ್ ಕೂಡ ಅಲ್ಲಿನ ತನ್ನ ಕಾರ್ಖಾನೆಗಳನ್ನು ಮುಚ್ಚುವುದಾಗಿ ಹೇಳಿದಾಗ ಕಾರ್ಮಿಕ ಸಂಘಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದವು. ವಿಚಾರಣೆಯ ಒಂದು ಹಂತದಲ್ಲಿ ನ್ಯಾಯಾಧೀಶ ಥಾಮಸ್ ಲ್ಯಾಂಬ್ರೋಸ್ ಒಂದು ವಿಚಾರವನ್ನು ಮುಂದಿಟ್ಟರು: ಇಷ್ಟು ದೀರ್ಘಕಾಲ ಒಂದು ಕಂಪನಿಯೂ ಒಂದು ಊರೂ ಒಂದನ್ನೊಂದು ನೆಚ್ಚಿ ಬದುಕಿದ್ದರೆ, ಆ ಸಂಬಂಧದಿಂದಲೇ ಊರಿಗೆ ಒಂದು ಬಗೆಯ ಆಸ್ತಿಹಕ್ಕು ಹುಟ್ಟಿರಬಾರದೇಕೆ? ಕೊನೆಗೆ ತೀರ್ಪು ಬರೆಯುವಾಗ, ಅಂಥ ಹಕ್ಕು ಕಾನೂನಿನಲ್ಲಿ ಇಲ್ಲವೆಂದು ಅವರೇ ಹೇಳಬೇಕಾಯಿತು. ಮೇಲ್ಮನವಿ ನ್ಯಾಯಾಲಯವೂ 1980ರಲ್ಲಿ ಅದನ್ನೇ ಎತ್ತಿಹಿಡಿಯಿತು.

ಕಾನೂನಿನಲ್ಲಿ ಇಲ್ಲದಿರಬಹುದು. ಆದರೆ ಆ ಪ್ರಶ್ನೆ ಕೇಳಿದ ಕ್ಷಣದಿಂದ ನನಗೆ ಪ್ರತಿ ಹಳೆಯ ಚಿಮಣಿಯೂ ಬೇರೆಯಾಗಿ ಕಾಣತೊಡಗಿದೆ. ಯಂಗ್ಸ್‌ಟೌನ್‌ನ ಬ್ರೈಯರ್ ಹಿಲ್‌ನಲ್ಲಿ ಜೆನೆಟ್ ಎಂಬ ಹೆಸರಿನ ಊದುಕುಲುಮೆಯೊಂದಿತ್ತು. ಕಾರ್ಮಿಕರ ಬಾಯಲ್ಲಿ ಅವಳು ಜೆನ್ನಿ. ಬೆಂಕಿ ಆರಿ ಸುಮಾರು ಇಪ್ಪತ್ತು ವರ್ಷ ತುಕ್ಕು ಹಿಡಿಯುತ್ತ ನಿಂತಿದ್ದಳು. ಉಳಿಸಿಕೊಳ್ಳಬೇಕೆಂದು ಊರಿನ ಕೆಲವರು ಹೋರಾಡಿದರು. 1997ರಲ್ಲಿ ಕೆಡವಿದರು. 1930ರಲ್ಲಿ 1,70,000 ಜನರಿದ್ದ ಊರಿನಲ್ಲಿ 2020ರ ಗಣತಿಯ ಹೊತ್ತಿಗೆ ಉಳಿದವರು ಸುಮಾರು 60,000.

ನಾನು ಹೇಳಬೇಕೆಂದುಕೊಂಡ ಮಾತು ಇದು. ಕೈಗಾರಿಕಾ ನಗರಗಳು ಕುಸಿದದ್ದನ್ನು ಹೇಳುವಾಗ ನಾವು ಮರ ಒಣಗಿದ ಹಾಗೆ, ಹೊಳೆ ಬತ್ತಿದ ಹಾಗೆ ಹೇಳುತ್ತೇವೆ. ಕಾಲ ಬದಲಾಯಿತು, ಯುಗ ಮುಗಿಯಿತು ಎನ್ನುತ್ತೇವೆ. ಯಾರು ಮಾಡಿದರು ಎಂಬ ಪ್ರಶ್ನೆಗೆ ಆ ವಾಕ್ಯಗಳಲ್ಲಿ ಜಾಗವೇ ಇಲ್ಲ, ಕರ್ತೃಪದವಿಲ್ಲದ ವಾಕ್ಯಗಳು ಅವು. ನೆಲದ ಮೇಲೆ ಕುಲುಮೆ ನಿಂತಿರುವವರೆಗೆ ಅದನ್ನು ನೋಡಿದ ಮಗು ಇದೇನು ಎಂದು ಕೇಳುತ್ತದೆ. ಯಾಕೆ ನಿಂತುಹೋಯಿತು ಎಂದು ಕೇಳುತ್ತದೆ. ಆಗ ಯಾರಾದರೂ ಉತ್ತರ ಕೊಡಬೇಕಾಗುತ್ತದೆ. ಕುಲುಮೆ ಹೋಯಿತೆಂದರೆ ಪ್ರಶ್ನೆಯೂ ಹೋಯಿತು. ಅದಕ್ಕೇ ನಾನು ಇವುಗಳನ್ನು ಸ್ಮಾರಕಗಳೆಂದು ಕರೆಯುವುದಿಲ್ಲ, ಸಾಕ್ಷಿಗಳೆಂದು ಕರೆಯುತ್ತೇನೆ.

ಸಿರಿವಂತ ನಗರಗಳ ಗುರುತು ಕಳೆದಾಗ ನಡೆಯುವುದೇ ಬೇರೆ. ನ್ಯೂಯಾರ್ಕಿನ ಹಳೆಯ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು 1963ರಲ್ಲಿ ಒಡೆಯತೊಡಗಿದರು. ಆ ನೋವಿಗೆ ನಗರ ಎಚ್ಚೆತ್ತಿತು, 1965ರಲ್ಲಿ ಹೆಗ್ಗುರುತುಗಳನ್ನು ಕಾಯುವ ಕಾನೂನು ಬಂತು. ಲಂಡನ್ನಿನ ಯೂಸ್ಟನ್ ಕಮಾನನ್ನು 1961ರ ಕೊನೆಯಲ್ಲಿ ಕೆಡವಲಾರಂಭಿಸಿದರು; 1994ರಲ್ಲಿ ಅದರ ಕಲ್ಲುಗಳು ಒಂದು ಕಾಲುವೆಯ ತಳದಲ್ಲಿ ಸಿಕ್ಕಿದಾಗ ಅದು ದೊಡ್ಡ ಸುದ್ದಿಯಾಯಿತು. ಆ ದುಃಖ ಸಾಚಾ, ನಾನು ಅದರಲ್ಲಿ ಪಾಲುದಾರ. ಆದರೆ ಜೆನ್ನಿಯ ತುಂಡುಗಳನ್ನು ಯಾರೂ ಹುಡುಕಿಕೊಂಡು ಹೋಗಲಿಲ್ಲ. ಅವು ಗುಜರಿಯಾದವು.

ಕಲ್ಲಿದ್ದಲು ಶಾಶ್ವತವಾಗಿ ಉರಿಯಬೇಕಿತ್ತು ಎಂದು ನಾನು ವಾದಿಸುತ್ತಿಲ್ಲ. ಉದ್ಯಮ ಮುಗಿಯುತ್ತದೆ, ಯಂತ್ರ ಹಳೆಯದಾಗುತ್ತದೆ, ಬೇರೆ ಕಡೆ ಅಗ್ಗವಾಗಿ ಸಿಗುತ್ತದೆ. ಹೇಗೆ ಮುಗಿಸುತ್ತೇವೆ ಎಂಬುದು ಮಾತ್ರ ಮನುಷ್ಯರ ಕೈಯಲ್ಲಿದೆ. ಜರ್ಮನಿಯ ರೂರ್ ಪ್ರದೇಶದಲ್ಲಿ ಕಲ್ಲಿದ್ದಲಿನ ಬಿಕ್ಕಟ್ಟು 1950ರ ದಶಕದ ಕೊನೆಯಲ್ಲೇ ಶುರುವಾಯಿತು. ಕೊನೆಯ ಗಣಿ ಮುಚ್ಚಿದ್ದು 2018ರ ಡಿಸೆಂಬರ್ 21ರಂದು, ಬೋಟ್ರೋಪ್ ಎಂಬ ಊರಿನಲ್ಲಿ. ಅರವತ್ತು ವರ್ಷ! ಯಾವ ಗಣಿ ಕಾರ್ಮಿಕನೂ ಕೆಲಸವಿಲ್ಲದೆ ಬೀದಿಗೆ ಬೀಳಬಾರದೆಂಬುದು ಅಲ್ಲಿ ಒಪ್ಪಿತ ಸೂತ್ರವಾಗಿತ್ತು. ಅದಕ್ಕೆ ಅಪಾರ ಸಾರ್ವಜನಿಕ ಹಣ ಖರ್ಚಾಯಿತು, ಟೀಕೆಯೂ ಬಂತು. ಎಸ್ಸೆನ್‌ನ ಝೋಲ್‌ಫೆರೈನ್ ಗಣಿ 1986ರಲ್ಲಿ ಮುಚ್ಚಿತು, 2001ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಡ್ಯೂಸ್‌ಬುರ್ಗ್‌ನಲ್ಲಿ 1985ರಲ್ಲಿ ಆರಿದ ಕಬ್ಬಿಣದ ಕಾರ್ಖಾನೆಯನ್ನು ಕೆಡವದೆ ಉದ್ಯಾನ ಮಾಡಿದರು. ಅದಿರು ತುಂಬುತ್ತಿದ್ದ ಗೋಡೆಗಳನ್ನು ಈಗ ಜನ ಹತ್ತಿ ಆಡುತ್ತಾರೆ, ಅನಿಲದ ತೊಟ್ಟಿಯಲ್ಲಿ ನೀರು ತುಂಬಿಸಿ ಮುಳುಗುವುದನ್ನು ಕಲಿಯುತ್ತಾರೆ. ಆ ಊರುಗಳಲ್ಲಿ ನಿರುದ್ಯೋಗ ಇಲ್ಲವೆಂದಲ್ಲ, ಇದೆ. ಆದರೆ ತಮ್ಮ ತಾತ ಎಲ್ಲಿ ದುಡಿದನೆಂದು ಬೆರಳು ಮಾಡಿ ತೋರಿಸಲು ಅಲ್ಲಿನವರಿಗೆ ಒಂದು ಜಾಗವಿದೆ.

ಡೆಟ್ರಾಯಿಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದರ ಪಾಳು ಕಟ್ಟಡಗಳ ಚಿತ್ರಗಳನ್ನು ಎಲ್ಲರೂ ನೋಡಿದ್ದೀರಿ. ಆ ಚಿತ್ರಗಳಲ್ಲಿ ಮನುಷ್ಯರೇ ಇರುವುದಿಲ್ಲವೆಂಬುದು ನನ್ನ ತಕರಾರು. ಅಷ್ಟೆಲ್ಲ ಕುಸಿದ ಮೇಲೂ ಆರು ಲಕ್ಷಕ್ಕಿಂತ ಹೆಚ್ಚು ಜನ ಅಲ್ಲಿ ಬದುಕುತ್ತಿದ್ದಾರೆ. 1988ರಲ್ಲಿ ಕೊನೆಯ ರೈಲು ಹೊರಟುಹೋದ ಅಲ್ಲಿನ ಮಿಶಿಗನ್ ಸೆಂಟ್ರಲ್ ನಿಲ್ದಾಣವನ್ನು ಕೆಡವಲು 2009ರಲ್ಲಿ ನಗರ ಸಭೆಯೇ ನಿರ್ಣಯಿಸಿತ್ತು. 2018ರಲ್ಲಿ ಫೋರ್ಡ್ ಕಂಪನಿ ಕೊಂಡಿತು, 2024ರಲ್ಲಿ ಅದು ಮತ್ತೆ ಬಾಗಿಲು ತೆರೆಯಿತು. ಆ ನಿರ್ಣಯ ಜಾರಿಯಾಗಿದ್ದರೆ ತೆರೆಯಲು ಬಾಗಿಲೇ ಇರುತ್ತಿರಲಿಲ್ಲ.

ಮುಂಬೈಯ ಗಿರಣಗಾಂವ್‌ಗೆ ಬರುತ್ತೇನೆ, ಏಕೆಂದರೆ ಸಾಕ್ಷಿಯನ್ನು ಉಳಿಸಿಕೊಂಡೂ ಬಾಯಿ ಮುಚ್ಚಿಸಬಹುದೆಂದು ತೋರಿಸಿದ ಜಾಗ ಅದು. ಹತ್ತಿ ಗಿರಣಿಗಳ ಊರು. ಗಡಿಯಾರಕ್ಕಿಂತ ಮೊದಲು ಗಿರಣಿಯ ಭೋಂಗಾ, ಅಂದರೆ ಸೈರನ್, ಕೂಗುತ್ತಿತ್ತು. ಒಲೆ ಹಚ್ಚುವುದು, ಪಾಳಿಗೆ ಓಡುವುದು, ಮಕ್ಕಳನ್ನು ಎಬ್ಬಿಸುವುದು ಎಲ್ಲವೂ ಆ ಸದ್ದಿಗೆ. ಕಣ್ಣಿಗೆ ಕಾಣದ ಹೆಗ್ಗುರುತು ಅದು. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಆ ಮುಷ್ಕರವನ್ನು ವಿಧ್ಯುಕ್ತವಾಗಿ ಹಿಂತೆಗೆದುಕೊಂಡದ್ದೇ ಇಲ್ಲ. ಮಗ್ಗಗಳು ನಿಂತವು. ನಿಧಾನಕ್ಕೆ ಬಟ್ಟೆಗಿಂತ ಬಟ್ಟೆ ನೇಯುವ ನೆಲಕ್ಕೆ ಬೆಲೆ ಹೆಚ್ಚಾಯಿತು.

1991ರಲ್ಲಿ ಒಂದು ಒಳ್ಳೆಯ ನಿಯಮ ಬಂತು. ಗಿರಣಿ ನೆಲವನ್ನು ಬೇರೆ ಬಳಕೆಗೆ ತೆರೆದರೆ ಮೂರರಲ್ಲಿ ಒಂದು ಪಾಲು ನಗರಕ್ಕೆ ಬಯಲಾಗಿ, ಒಂದು ಪಾಲು ಸಾರ್ವಜನಿಕ ವಸತಿಗೆ, ಒಂದು ಪಾಲು ಮಾಲೀಕನಿಗೆ. ಸ್ಥೂಲವಾಗಿ ಅಷ್ಟೇ. 2001ರಲ್ಲಿ ಅದನ್ನು ತಿದ್ದಿದರು: ಈ ಹಂಚಿಕೆ ಕಟ್ಟಡವಿಲ್ಲದ ಖಾಲಿ ಜಾಗಕ್ಕೆ ಮಾತ್ರ. ಗಿರಣಿಯೆಂದರೆ ನೆಲದ ಬಹುಪಾಲು ಕಟ್ಟಡವೇ. ಒಂದು ತಿದ್ದುಪಡಿಯಲ್ಲಿ ನಗರದ ಪಾಲೂ ಕಾರ್ಮಿಕರ ಮನೆಗಳ ಪಾಲೂ ಕರಗಿದವು. 2006ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಇದರಲ್ಲಿ ಯಾವ ಯುಗ ಮುಗಿಯಿತು ಹೇಳಿ? ಯಾವ ಕಾಲ ಬದಲಾಯಿತು? ಕೆಲವು ಪದಗಳು ಬದಲಾದವು, ಅಷ್ಟೇ.

ಅಲ್ಲಿನ ಫೀನಿಕ್ಸ್ ಮಿಲ್ಲಿನ ಚಿಮಣಿ ಇಂದಿಗೂ ನಿಂತಿದೆ, ಸುತ್ತಲೂ ಮಾಲ್. ಕೆಡವುವುದಕ್ಕಿಂತ ಇದು ಮೇಲು ಎನ್ನುವವರಿದ್ದಾರೆ, ನಾನೂ ಬಹಳ ದಿನ ಹಾಗೆಯೇ ನಂಬಿದ್ದೆ. ಈಗ ನಂಬುವುದಿಲ್ಲ. ಅದರ ಕೆಳಗೆ ಹಾದುಹೋಗುವ ಹುಡುಗಿಗೆ ಅಲ್ಲಿ ಎಷ್ಟು ಜನ ದುಡಿದರು, ಅವರು ಎಲ್ಲಿಗೆ ಹೋದರು ಎಂದು ತಿಳಿಯದಿದ್ದರೆ ಆ ಚಿಮಣಿ ಒಂದು ಅಲಂಕಾರ. ಅಲಂಕಾರ ಯಾರಿಗೂ ಉತ್ತರ ಕೊಡಬೇಕಿಲ್ಲ.

ಸಾಕ್ಷಿ ಎಂದ ಮೇಲೆ ಪೂರ್ತಿ ಹೇಳಬೇಕು, ಹಿತವಾದದ್ದನ್ನು ಮಾತ್ರ ಅಲ್ಲ. ಗಿರಣಿಯ ನೆನಪೆಂದರೆ ಒಗ್ಗಟ್ಟು, ಹಬ್ಬ, ಭಜನೆ ಮಾತ್ರವೇ? ಅದೇ ಮುಂಬೈಯ ಗಿರಣಿಗಳಲ್ಲಿ ಹೆಚ್ಚು ಕೂಲಿ ಸಿಗುತ್ತಿದ್ದ ನೇಯ್ಗೆ ವಿಭಾಗಕ್ಕೆ ದಲಿತರಿಗೆ ಪ್ರವೇಶವಿರಲಿಲ್ಲ. ಮಗ್ಗದಲ್ಲಿ ಎಳೆಯನ್ನು ಅತ್ತಿತ್ತ ಒಯ್ಯುವ ಲಾಳಿಯಲ್ಲಿ ನೂಲು ಮುಗಿದಾಗ ಹೊಸ ಎಳೆಯನ್ನು ಬಾಯಿಂದ ಹೀರಿ ಲಾಳಿಯ ಕಣ್ಣಿಗೆ ಪೋಣಿಸಬೇಕಿತ್ತು. ದಲಿತನ ತುಟಿ ತಾಗಿದ ಲಾಳಿಯನ್ನು ಮುಟ್ಟಲು ಜೊತೆಯ ಕಾರ್ಮಿಕರೇ ಒಪ್ಪಲಿಲ್ಲ. 1928ರ ದೊಡ್ಡ ಮುಷ್ಕರದ ಹೊತ್ತಿನಲ್ಲಿ ಡಾ. ಅಂಬೇಡ್ಕರ್ ಈ ಪ್ರಶ್ನೆಯನ್ನು ಕಾರ್ಮಿಕ ನಾಯಕರ ಮುಂದೆ ಎತ್ತಬೇಕಾಯಿತು. ಒಂದೇ ಭೋಂಗಾಕ್ಕೆ ಎದ್ದವರು, ಒಂದೇ ಬಾಗಿಲಿನಿಂದ ಒಳಹೋದವರು, ಒಂದೇ ಲಾಳಿಯನ್ನು ಮುಟ್ಟಲಾರದಾದರು. ನಾನು ಒಂದು ಗಿರಣಿ ವಸ್ತುಸಂಗ್ರಹಾಲಯ ಕಟ್ಟುವುದಾದರೆ ಬಾಗಿಲಲ್ಲೇ ಒಂದು ಲಾಳಿ ಇಡುತ್ತೇನೆ. ಯಾರು ಬೇಕಾದರೂ ಕೈಗೆತ್ತಿಕೊಂಡು ನೋಡಲಿ.

ಹೊಗೆಯೂ ಅಷ್ಟೇ. ಚಿಮಣಿಯ ಹೊಗೆಯನ್ನು ಸಂಬಳದ ಗುರುತೆಂದು ನೋಡಿ ನೆಮ್ಮದಿಪಟ್ಟವರಿದ್ದರು, ಅದೇ ಹೊಗೆ ಅವರ ಎದೆಗೂಡಿಗೂ ಇಳಿಯಿತು. ಎರಡೂ ನಿಜ.

ಕೆಲವು ಸಾಕ್ಷಿಗಳನ್ನು ಯಾರೂ ಕೆಡವಲಾರರು, ಮಾರಲಾರರು. ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಹರಿದ ಜಾಗ, ಭೂಮಿಯೊಳಗೆ 3 ಕಿಲೋಮೀಟರಿಗಿಂತ ಆಳಕ್ಕೆ ಮನುಷ್ಯ ಇಳಿದ ಜಾಗ. ಚಿನ್ನ ಹೋಯಿತು. ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣು ಸೈನೈಡ್ ದಿಬ್ಬಗಳಾಗಿ ಊರಿನ ಮಗ್ಗುಲಲ್ಲೇ ಬಿದ್ದಿದೆ, ಕೋಟಿಗಟ್ಟಲೆ ಟನ್. ಯಾರೂ ವಿನ್ಯಾಸ ಮಾಡದ, ಯಾರೂ ಉದ್ಘಾಟಿಸದ ಬೆಟ್ಟಗಳು. ಗಾಳಿ ಎದ್ದಾಗ ಅವುಗಳ ಧೂಳು ಮನೆಗಳ ಮೇಲೆ ಬಂದು ಕೂರುತ್ತದೆ.

ರೂರ್‌ನಲ್ಲೂ ಹಾಗೆಯೇ. ಶತಮಾನಗಳ ಕಾಲ ಒಳಗಿನಿಂದ ಕಲ್ಲಿದ್ದಲು ತೆಗೆದದ್ದರಿಂದ ನೆಲ ಕುಸಿದಿದೆ, ಕೆಲವೆಡೆ ಇಪ್ಪತ್ತು ಮೀಟರಿಗೂ ಹೆಚ್ಚು. ನೀರೆತ್ತುವುದನ್ನು ನಿಲ್ಲಿಸಿದರೆ ಊರುಗಳೇ ಕೆರೆಗಳಾಗುತ್ತವೆ. ಅದಕ್ಕೆಂದೇ ಒಂದು ನಿಧಿ ಕಟ್ಟಿದ್ದಾರೆ, ಆ ಕೆಲಸಕ್ಕೆ ಕೊನೆಯ ದಿನಾಂಕವೆಂಬುದಿಲ್ಲ. ಗಣಿಗಳೆಲ್ಲ ಮುಚ್ಚಿದ ಮೇಲೂ, ಕಾರ್ಮಿಕರೆಲ್ಲ ಮನೆಗೆ ಹೋದ ಮೇಲೂ, ನೀವು ಈ ಮಾತನ್ನು ಕೇಳುತ್ತಿರುವ ಈ ಹೊತ್ತಿನಲ್ಲೂ ಅಲ್ಲಿನ ಪಂಪುಗಳು ನೀರೆತ್ತುತ್ತಿವೆ.